ಬೆನ್ನ ಮೇಲಿನ ಮೀಸಲು

ಹೊಳಲ್ಕೆರೆಯ ಅರ್ಧ ಊರಿನ ಹೆಂಗಸರ ಬೆನ್ನಿನ ಅಳತೆ ನನಗೆ ಬಾಯಿಪಾಠ. ಯಾರ ಬೆನ್ನು ಅಗಲ, ಯಾರ ಒಂದು ಭುಜ ತಗ್ಗು, ಯಾರು ಹಿಂದೆ ಕತ್ತು ಇಳಿಸು ಎಂದು ಜೋರಾಗಿ ಹೇಳಿ ಹೋಗಿ ಮರುದಿನ ಅತ್ತೆಗೆ ಹೆದರಿ ಸ್ವಲ್ಪ ಏರಿಸು ಎಂದು ಪಿಸುಗುಡಲು ಬರುತ್ತಾರೆ, ಎಲ್ಲ ಗೊತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಇಷ್ಟು ಬೆನ್ನು ಕಂಡವಳಿಗೆ ತನ್ನ ಬೆನ್ನು ಹೇಗಿದೆ ಎಂಬುದು ಮಾತ್ರ ನಲವತ್ತರ ಹತ್ತಿರ ಬರುವವರೆಗೂ ಗೊತ್ತಿರಲಿಲ್ಲ. ಮುಟ್ಟಿ ಗೊತ್ತಿತ್ತು, ನೋಡಿ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಇದ್ದರೂ ತಿರುಗಿ ನಿಂತು ನೋಡಿಕೊಂಡವಳಲ್ಲ. ನೋಡಬಾರದು ಎಂದು ಅವ್ವ ಹೇಳಿದ್ದಳು. ಮಿಕ್ಕ ವಿಷಯದಲ್ಲಿ ಅವ್ವನ ಒಂದು ಮಾತನ್ನೂ ನೆಟ್ಟಗೆ ಕೇಳದ ನಾನು ಇದೊಂದನ್ನು ಯಾಕೆ ಕೇಳಿದೆನೋ.

ಸೊಂಟದ ಕೆಳಗೆ, ಲಂಗದ ಲಾಡಿ ಕೂರುವ ಜಾಗದಲ್ಲಿ, ಬೆನ್ನುಮೂಳೆಯ ಮೇಲೆ ನನಗೆ ಒಂದು ಹಿಡಿ ಕೂದಲಿತ್ತು. ತಲೆಗೂದಲಷ್ಟು ಒರಟಲ್ಲ, ಮರಿಯ ಉಣ್ಣೆಯ ಹಾಗೆ ಮೆತ್ತಗೆ. ಹುಟ್ಟುವಾಗಲೇ ಇತ್ತಂತೆ. ಬೇರೆ ಯಾರ ಮನೆಯಲ್ಲಿ ಹುಟ್ಟಿದ್ದರೂ ಇದೇನಪ್ಪ ಎಂದು ಗಾಬರಿಯಾಗಿ ಆಸ್ಪತ್ರೆಗೆ ಎತ್ತಿಕೊಂಡು ಓಡುತ್ತಿದ್ದರೇನೋ. ನಾನು ಹುಟ್ಟಿದ್ದು ಹೊಸದುರ್ಗದ ಕಡೆಯ ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಅಲ್ಲಿ ಅಂಥ ಕೂದಲಿಗೆ ಆಗಲೇ ಒಂದು ಹೆಸರಿತ್ತು.

ನಮ್ಮ ಮನೆಯಲ್ಲಿ ವರ್ಷಕ್ಕೊಂದು ಮರಿಯನ್ನು ಮನೆದೇವರಿಗೆಂದು ಬಿಡುತ್ತಾರೆ. ಹಿಂಡಿನ ಉಣ್ಣೆ ಕತ್ತರಿಸುವಾಗ ಆ ಮರಿಯ ಸೊಂಟದ ಮೇಲೆ ಮಾತ್ರ ಒಂದು ಹಿಡಿ ಉಳಿಸುತ್ತಾರೆ. ಅದೇ ಮೀಸಲು. ಮೀಸಲಿನ ಮರಿಗೆ ಯಾರೂ ಹೊಡೆಯುವಂತಿಲ್ಲ, ಮಾರುವಂತಿಲ್ಲ. ಅದು ಯಾರ ಹೊಲಕ್ಕೆ ಬಾಯಿ ಹಾಕಿದರೂ ಬೈಯುವಂತಿಲ್ಲ. ದೇವರಿಗೆ ಒಪ್ಪಿಸುವ ದಿನ ಬೆಳಿಗ್ಗೆ ಮನೆಯ ಹೆಂಗಸೇ ಕತ್ತರಿ ಹಿಡಿದು ಮೀಸಲು ತೆಗೆಯಬೇಕು. ಬೋಳಾದ ಜಾಗದ ಮೇಲೆ ತಣ್ಣೀರು ಚಿಮುಕಿಸುತ್ತಾರೆ. ಮರಿ ಮೈ ಕೊಡವಿದರೆ ದೇವರು ಒಪ್ಪಿಕೊಂಡ ಹಾಗೆ. ಕೊಡವದಿದ್ದರೆ ಕಾಯುತ್ತಾರೆ, ಮತ್ತೆ ಚಿಮುಕಿಸುತ್ತಾರೆ. ತಣ್ಣೀರು ಬಿದ್ದರೆ ಯಾವ ಮರಿ ತಾನೇ ಮೈ ಕೊಡವದೆ ಇರುತ್ತದೆ? ಆಮೇಲೆ ಅದು ಕುರಿ ಕೂಡುವ ರೊಪ್ಪಕ್ಕೆ ತಿರುಗಿ ಬರುವುದಿಲ್ಲ. ಚಿಕ್ಕಂದಿನಲ್ಲಿ ನಾನೂ ಆ ದಿನ ಮಧ್ಯಾಹ್ನ ಎಲ್ಲರಿಗಿಂತ ಮುಂಚೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದೆ.

ಹುಟ್ಟಿದ ಕೂಸಿನ ಬೆನ್ನು ನೋಡಿದ ಅಜ್ಜಿ, ಅಂದರೆ ಅಪ್ಪನ ಅವ್ವ, ಅಲ್ಲೇ ತೀರ್ಮಾನ ಹೇಳಿಬಿಟ್ಟಿದ್ದಳು. "ದ್ಯಾವ್ರು ತಾನೇ ಮೀಸಲು ಬಿಟ್ಕಂಡೈತೆ. ಇದ್ಕೆ ಕತ್ತರಿ ಸೋಕಿಸ್ಬ್ಯಾಡ್ರಿ. ಹೊರಗಿನೋರ ಕಣ್ಣಿಗೂ ಬೀಳಿಸ್ಬ್ಯಾಡ್ರಿ." ಮೀಸಲು ಬಿಡುವುದು ಗಂಡುಮರಿಗೆ ತಾನೇ, ನಾನು ಹೆಣ್ಣಲ್ಲವಾ ಎಂದು ದೊಡ್ಡವಳಾದ ಮೇಲೆ ಕೇಳಿದ್ದೆ. "ದ್ಯಾವ್ರಿಗೆ ನಿನ್ನಷ್ಟು ಬುದ್ಧಿ ಇಲ್ಲ ಬಿಡವ್ವ" ಎಂದು ಅಜ್ಜಿ ಬಾಯಿ ಮುಚ್ಚಿಸಿದ್ದಳು.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ನನಗೆ ಅದರಿಂದ ಸುಖವೇ ಇತ್ತು. ಮನೆಯಲ್ಲಿ ಯಾರೂ ನನ್ನ ಮೇಲೆ ಕೈ ಎತ್ತುತ್ತಿರಲಿಲ್ಲ. ಅಣ್ಣನಿಗೆ ಬೀಳುತ್ತಿದ್ದ ಏಟುಗಳನ್ನು ನಾನು ಬಾಗಿಲಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಾ ನೋಡುತ್ತಿದ್ದೆ. ಬಿತ್ತನೆಯ ಮೊದಲ ಕಾಳು ನನ್ನ ಕೈಯಿಂದಲೇ ಬೀಳಬೇಕು, ಹಬ್ಬದ ಮೊದಲ ಹೋಳಿಗೆ ನನ್ನ ಎಲೆಗೇ ಬರಬೇಕು. ಹಾಸಿಗೆಯಲ್ಲಿ ಉಚ್ಚೆ ಹೊಯ್ದರೂ ಯಾರೂ ಗದರುತ್ತಿರಲಿಲ್ಲ. ಆದರೆ ಹೊಯ್ಯುವುದು ನಿಲ್ಲಲಿಲ್ಲ. ಓರಗೆಯ ಮಕ್ಕಳದೆಲ್ಲ ನಿಂತು ಎಷ್ಟೋ ಕಾಲವಾದ ಮೇಲೂ ನನ್ನದು ನಿಲ್ಲಲಿಲ್ಲ. ಎಡಗಾಲಿನ ಪಾದ ಒಳಕ್ಕೆ ತಿರುಗುತ್ತಾ ಬಂತು. ಅಣ್ಣ ಸಿರಿಗೆರೆಗೆ ಹಾಸ್ಟೆಲಿನಲ್ಲಿದ್ದು ಓದಲು ಹೋದ. ಅವನಿಗಿಂತ ಚೆನ್ನಾಗಿ ಓದುತ್ತಿದ್ದ ನಾನು ಹೋಗುವ ಮಾತೇ ಏಳಲಿಲ್ಲ. ದಿನಾ ಬೆಳಿಗ್ಗೆ ಹಾಸಿಗೆ ಒಗೆಯಬೇಕಾದ ಹುಡುಗಿಯನ್ನು ಯಾವ ಹಾಸ್ಟೆಲಿಗೆ ಕಳಿಸುತ್ತಾರೆ? ಅವನ ಟ್ರಂಕು ಬಸ್ಸಿನ ಮೇಲೆ ಏರಿದ್ದನ್ನು ನೋಡಿ ಬಂದು ನಾನು ರೊಪ್ಪದ ಬೇಲಿಗೆ ಒರಗಿ ಅತ್ತೆ. ಮೀಸಲಿನ ಮರಿ ಅಲ್ಲೇ ಹುಲ್ಲು ತಿನ್ನುತ್ತಿತ್ತು.

ತೋರಿಸಲೇ ಇಲ್ಲವೆಂದಲ್ಲ. ಅವ್ವ ನನ್ನನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಕಾಲಿನ ಡಾಕ್ಟರಿಗೆ ಕಾಲು ತೋರಿಸಿದಳು. ಅವರು ಗಟ್ಟಿ ಬೂಟು ಬರೆದುಕೊಟ್ಟರು. ಇನ್ನೊಬ್ಬರಿಗೆ ಉಚ್ಚೆಯ ವಿಷಯ ಹೇಳಿದಳು. ಅವರು ಮಾತ್ರೆ ಕೊಟ್ಟರು. ಕಾಲಿನವರಿಗೆ ಉಚ್ಚೆಯ ಸುದ್ದಿ ಗೊತ್ತಿಲ್ಲ, ಉಚ್ಚೆಯವರಿಗೆ ಕಾಲಿನ ಸುದ್ದಿ ಗೊತ್ತಿಲ್ಲ, ಬೆನ್ನಿನ ಸುದ್ದಿ ಇಬ್ಬರಿಗೂ ಗೊತ್ತಿಲ್ಲ. ಒಬ್ಬರು ಮಾತ್ರ ಬೆನ್ನಿಗೆ ಏನಾದರೂ ಪೆಟ್ಟು ಬಿದ್ದಿತ್ತಾ ಎಂದು ಕೇಳಿದ್ದರು. ಅವ್ವ "ಇಲ್ಲ ಸಾರ್" ಅಂದಳು. ಅದೇನೂ ಸುಳ್ಳಲ್ಲ, ಪೆಟ್ಟು ಬಿದ್ದಿರಲಿಲ್ಲ.

ಆಮೇಲಿನ ವರ್ಷಗಳನ್ನು ನಾನು ಕಕ್ಕಸುಗಳ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದೇನೆ. ಯಾವ ಬಸ್ ನಿಲ್ದಾಣದಲ್ಲಿ ಬಾಗಿಲಿಗೆ ಚಿಲಕ ಇದೆ, ಎಲ್ಲಿ ನೀರಿಲ್ಲ, ಯಾವ ಹೋಟೆಲಿನವರು ಒಂದು ಟೀ ಕುಡಿದರೆ ಹಿಂದಕ್ಕೆ ಬಿಡುತ್ತಾರೆ, ಎಲ್ಲ ನನ್ನ ತಲೆಯಲ್ಲಿ ನಕಾಶೆಯಾಗಿ ಕೂತಿತ್ತು. ಎಲ್ಲಿಗೆ ಹೊರಡಬೇಕಾದರೂ ಹಿಂದಿನ ಮಧ್ಯಾಹ್ನದಿಂದಲೇ ನೀರು ಬಿಡುತ್ತಿದ್ದೆ. ಬಣ್ಣದ ಸೀರೆ ಉಡುವ ವಯಸ್ಸಿನಲ್ಲಿ ಕಪ್ಪು, ಕಂದು ಹುಡುಕುತ್ತಿದ್ದೆ. ಹೊರಗಿನವರಿಗೆ ಇದೆಲ್ಲ ಜಂಬವಾಗಿ ಕಾಣುತ್ತಿತ್ತು. ಅವಳು ಯಾರ ಮನೆಗೂ ಬರಲ್ಲ, ಯಾರ ಮನೆಯ ನೀರೂ ಮುಟ್ಟಲ್ಲ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ಬಿಟ್ಟೆ. ಜಂಬಗಾರ್ತಿ ಅನ್ನಿಸಿಕೊಳ್ಳುವುದು ವಾಸನೆಯವಳು ಅನ್ನಿಸಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಮದುವೆಯ ವಯಸ್ಸಿಗೆ ಬಂದಾಗ ಹಿರಿಯೂರಿನಲ್ಲಿ ತೆಂಗಿನಕಾಯಿ ವ್ಯಾಪಾರದವರ ಮನೆಯಿಂದ ಒಂದು ಸಂಬಂಧ ಕೇಳಿ ಬಂತು. ಅಲ್ಲೇ ನಮ್ಮ ನೆಂಟರ ಮದುವೆಯೊಂದಿತ್ತು. ಹುಡುಗಿಯನ್ನು ಕರೆದುಕೊಂಡು ಬನ್ನಿ, ಜನದ ನಡುವೆ ಸುಮ್ಮನೆ ಒಮ್ಮೆ ನೋಡಿಬಿಡುತ್ತೇವೆ ಎಂದಿದ್ದರು. ಅವ್ವ ನನಗೆ ಎಲೆಹಸಿರು ರೇಷ್ಮೆ ಸೀರೆ ಉಡಿಸಿ ಬಸ್ಸು ಹತ್ತಿಸಿದಳು. ದಾರಿಯಲ್ಲಿ ಬಸ್ಸು ಕೆಟ್ಟು ಬಹಳ ಹೊತ್ತು ನಿಂತಿತು. ಸುತ್ತ ಬಯಲು, ಒಂದು ಮರೆಯಿಲ್ಲ, ಗಂಡಸರೆಲ್ಲ ಇಳಿದು ನೆರಳಿಲ್ಲದ ರಸ್ತೆಯಲ್ಲಿ ಬೀಡಿ ಸೇದುತ್ತಿದ್ದರು. ಮತ್ತೆ ಹೊರಟು ಹಿರಿಯೂರು ಇನ್ನೇನು ಬಂತು ಅನ್ನುವಾಗ ನನ್ನ ಕೈ ಮೀರಿತು. ಅವ್ವನ ಮುಖ ನೋಡಿದೆ. ಅವಳಿಗೆ ಗೊತ್ತಾಯಿತು. ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುವಿ, ಪೂರ್ತಿ ನನ್ನ ಮಡಿಲಿಗೆ ಸುರಿದು, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದಳು: "ಅಯ್ಯೋ ನನ್ ಕೈ ಸೇದಿಹೋಗ! ಹುಡುಗಿ ಸೀರೆನೆಲ್ಲಾ ನೆನೆಸಿಬಿಟ್ನಲ್ಲಪ್ಪ!"

ಜನ ನಕ್ಕರು. ಮುಂದಿನ ಸೀಟಿನ ಅಜ್ಜ, "ಹೋಗ್ಲಿ ಬಿಡವ್ವ, ಒಣಗ್ತೈತೆ" ಅಂದ. ಹಿರಿಯೂರಿನಲ್ಲಿ ಇಳಿದು, ಮದುವೆಯ ಛತ್ರದ ಕಡೆ ಮುಖವನ್ನೂ ಹಾಕದೆ, ಎದುರಿಗೆ ಬಂದ ಬಸ್ಸು ಹತ್ತಿ ನಾವು ಹಿಂದಕ್ಕೆ ಬಂದೆವು. ದಾರಿಯುದ್ದಕ್ಕೂ ಅವ್ವನ ಒಂದು ಕೈ ನನ್ನ ಬೆನ್ನಿನ ಹಿಂದೆ, ಆ ಜಾಗದ ಮೇಲೇ ಇತ್ತು. ಹುಡುಗನ ಮನೆಯವರು ಸಿಟ್ಟಾದರು. ಇನ್ನು ಯಾರನ್ನೂ ಕರೆಯಬೇಡಿ, ನನಗೆ ಮದುವೆ ಬೇಡ ಎಂದು ನಾನೇ ಹೇಳಿದೆ. ಯಾಕೆ ಎಂದು ಅಪ್ಪ ಕೇಳಿದ. ನಾನೂ ಅವ್ವನೂ ಬಾಯಿ ಬಿಡಲಿಲ್ಲ.

ಹೊಲಿಗೆ ಕಲಿತು ಹೊಳಲ್ಕೆರೆಗೆ ಬಂದೆ. ಅಂಗಡಿ ಹುಡುಕುವಾಗ ಬೀದಿ ಯಾವುದು, ವ್ಯಾಪಾರ ಹೇಗೆ ಎಂದು ನೋಡಲಿಲ್ಲ. ಹಿಂದೆ ಕಕ್ಕಸು ಇದೆಯಾ ಎಂದು ನೋಡಿದೆ. ಮುಂದೆ ಅಂಗಡಿ, ನಡುವೆ ಒಂದು ಕೋಣೆ, ಹಿಂದೆ ಬಚ್ಚಲು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಬಂದು ಇದ್ದಳು. ಕುರಿ, ಹೊಲ ಅಣ್ಣ ನೋಡಿಕೊಂಡ. ಬ್ಲೌಸಿನ ಲೈನಿಂಗ್ ಬಟ್ಟೆಯಲ್ಲಿ ಮಿಕ್ಕ ತುಂಡುಗಳನ್ನು ಮಡಿಸಿ, ಪದರ ಪದರ ಹೊಲಿದು, ನನಗೆ ಬೇಕಾದದ್ದನ್ನು ನಾನೇ ಮಾಡಿಕೊಳ್ಳುತ್ತಿದ್ದೆ. ಆ ನಾಲ್ಕು ಗೋಡೆಗಳ ನಡುವೆ ನಾನು ಸುಖವಾಗಿದ್ದೇನೆ ಎಂದೇ ಬಹಳ ಕಾಲ ನಂಬಿದ್ದೆ. ಅಂಗಡಿಯ ಮುಂದೆ ಬಸ್ಸುಗಳು ಹೊಸದುರ್ಗ, ಚಿತ್ರದುರ್ಗ ಎಂದು ಕೂಗಿಕೊಂಡು ಹೋಗುತ್ತಿದ್ದವು. ಎಲ್ಲಿಗೂ ಹೋಗಬೇಕಾಗಿಲ್ಲದವಳ ಹಾಗೆ ತಲೆ ಬಗ್ಗಿಸಿ ಹುಕ್ಕಿನ ಕಾಜಾ ಹೊಲಿಯುತ್ತಿದ್ದೆ.

ಮೊದಲು ಎಡಗಾಲು ಕೈಕೊಟ್ಟಿತು. ಹೊಲಿಗೆ ಯಂತ್ರ ತುಳಿಯುವಾಗ ಪಾದ ಜಾರುತ್ತಿತ್ತು. ಮೋಟರು ಹಾಕಿಸಿಕೊಂಡೆ. ಆಮೇಲೆ ನಡೆಯುವಾಗ ಎಡಗಾಲಿನ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ಮುಂದೆ ಹೋಗುತ್ತಿದ್ದೆ. ಹಿಂದಿನಿಂದ ಯಾರೋ ಕೂಗುತ್ತಿದ್ದರು. ನಾನು ಏನೋ ಯೋಚನೆಯಲ್ಲಿದ್ದವಳ ಹಾಗೆ ನಗುತ್ತಾ ತಿರುಗಿ ಬರುತ್ತಿದ್ದೆ. ಕೊನೆಗೆ ಆ ಚಪ್ಪಲಿಗೆ ಹಿಂದುಗಡೆ ಒಂದು ಎಲಾಸ್ಟಿಕ್ ಪಟ್ಟಿ ಹೊಲಿದೆ. ಸೊಂಟದಿಂದ ಕಾಲಿಗೆ ಕರೆಂಟು ಹೊಡೆದಂಥ ನೋವು ಶುರುವಾಯಿತು. ಕೂತು ಕೂತು ಬಂದದ್ದು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿಕೊಂಡೆ.

ಒಂದು ದಿನ ಮಧ್ಯಾಹ್ನ ಬ್ಲೌಸು ಕೊಡಲು ಬಂದ ಹೆಂಗಸು ಮೂಗು ಅರಳಿಸಿ, "ಏನೋ ಸುಟ್ಟ ವಾಸ್ನೆ ಕಣಕ್ಕ" ಅಂದಳು. ಬಟ್ಟೆಯೆಂದು ಗಾಬರಿಯಾಗಿ ಮೇಜಿನ ಮೇಲೆಲ್ಲ ಹುಡುಕಿದೆ. ಕೆಳಗೆ ಇಳಿಸಿಟ್ಟಿದ್ದ ಇಸ್ತ್ರಿ ಪೆಟ್ಟಿಗೆಗೆ ನನ್ನ ಎಡಪಾದ ಒರಗಿಕೊಂಡು ಕೂತಿತ್ತು. ಚರ್ಮ ಬೆಂದು ಬೆಳ್ಳಗಾಗಿತ್ತು. ನನಗೆ ಒಂದಿಷ್ಟೂ ನೋವಿರಲಿಲ್ಲ. ಆ ಹೆಂಗಸು ಕಿರುಚಿದಳು, ನಾನು ಕಿರುಚಲಿಲ್ಲ. ನನ್ನದೇ ಕಾಲು ಬೇರೆ ಯಾರದೋ ಎಂಬ ಹಾಗೆ ನೋಡುತ್ತಾ ಕೂತಿದ್ದೆ. ಆವತ್ತು ನನಗೆ ಹುಟ್ಟಿದ ಭಯ ಆಮೇಲೆ ಹೋಗಲೇ ಇಲ್ಲ.

ಗಾಯ ಮಾಯಲಿಲ್ಲ. ಊರಿನ ಡಾಕ್ಟರು ಸಕ್ಕರೆ ಕಾಯಿಲೆಯಿರಬಹುದೆಂದು ರಕ್ತ ನೋಡಿದರು, ಇರಲಿಲ್ಲ. ಚಿತ್ರದುರ್ಗಕ್ಕೆ ಕಳಿಸಿದರು. ಅಲ್ಲಿದ್ದವರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಪಾದ ನೋಡಿದರು, ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು, ಉಚ್ಚೆ ಹೇಗೆ ಎಂದು ಕೇಳಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದನ್ನೇ ಉತ್ತರವಾಗಿ ತೆಗೆದುಕೊಂಡು, "ತಿರುಗಿ ಮಲಗಿ, ಬೆನ್ನು ನೋಡೋಣ" ಅಂದರು.

"ಬೆನ್ನಿಗೇನೂ ಆಗಿಲ್ಲ ಮೇಡಂ, ಕಾಲಿಗೆ ಆಗಿರಾದು" ಎಂದು ಅವ್ವ ಕುರ್ಚಿಯಿಂದ ಎದ್ದೇ ಬಿಟ್ಟಳು.

"ಕಾಲಿಗೆ ಆಗಿರೋದಕ್ಕೇ ಬೆನ್ನು ನೋಡ್ಬೇಕಮ್ಮ. ಕೂತ್ಕೊಳ್ಳಿ."

ನನ್ನ ಎರಡು ಕೈಯೂ ತಾವಾಗಿಯೇ ಲಾಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಅವ್ವನ ಕಡೆ ನೋಡಿದೆ. ಬೇಡ ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ಸುಟ್ಟ ಪಾದದ ಕಡೆ ನೋಡಿದೆ. ತಿರುಗಿ ಮಲಗಿ ಲಾಡಿ ಬಿಚ್ಚಿದೆ. ಡಾಕ್ಟರು ಅಯ್ಯೋ ಅನ್ನಲಿಲ್ಲ, ಯಾರನ್ನೂ ಕರೆದು ತೋರಿಸಲಿಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, "ಇದನ್ನ ಹುಟ್ಟಿದಾಗಲೇ ಯಾರಾದ್ರೂ ಡಾಕ್ಟರಿಗೆ ತೋರಿಸಿದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನಿಲ್ಲಿಸಿದ್ದು ಸಾಲದಾಯಿತು. ಅವ್ವನಿಗೆ ಕೇಳಿಸಿತ್ತು.

ನನ್ನ ಮೊಬೈಲಿನಲ್ಲೇ ಫೋಟೋ ತೆಗೆದು ತೋರಿಸಿದರು. ಮೊದಲ ಸಲ ನನ್ನ ಬೆನ್ನು ನೋಡಿದೆ. ಇಷ್ಟೇನಾ ಅನ್ನಿಸಿತು. ಒಂದು ಮೆತ್ತಗಿನ ಉಬ್ಬು, ಅದರ ಮೇಲೆ ಒಂದು ಕಡೆಗೆ ಬಾಚಿದಂತೆ ಮಲಗಿದ ಕೂದಲು. ಹೆದರಿಕೆ ಹುಟ್ಟಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಸ್ಕ್ಯಾನಿಂಗ್ ಆದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ತಾಯಿಯ ಹೊಟ್ಟೆಯಲ್ಲಿ, ಬಸಿರಿ ಎಂದು ಗೊತ್ತಾಗುವ ಹೊತ್ತಿಗೆಲ್ಲ, ಕೂಸಿನ ಬೆನ್ನು ಎರಡೂ ಕಡೆಯಿಂದ ಬಂದು ನಡುವೆ ಕೂಡಿಕೊಳ್ಳುತ್ತದಂತೆ. ನನ್ನದು ಕೆಳತುದಿಯಲ್ಲಿ ಕೂಡಲಿಲ್ಲ. ಮೂಳೆಯ ಹಿಂಭಾಗ ತೆರೆದೇ ಉಳಿಯಿತು, ಚರ್ಮ ಮೇಲೆ ಮುಚ್ಚಿಕೊಂಡಿತು. ಎಷ್ಟೋ ಜನಕ್ಕೆ ಮೂಳೆಯಲ್ಲಿ ಅಂಥದೊಂದು ಸಣ್ಣ ಬಿರುಕು ಇದ್ದು ಸಾಯುವವರೆಗೂ ಏನೂ ತೊಂದರೆ ಆಗುವುದಿಲ್ಲವಂತೆ. ನನಗೆ ಮೂಳೆಯಷ್ಟೇ ಆಗಿರಲಿಲ್ಲ. ಒಳಗಿನ ಬೆನ್ನುಹುರಿಯ ಕೆಳತುದಿ ಸಡಿಲವಾಗಿ ಇರುವ ಬದಲು ಒಂದು ಕೊಬ್ಬಿನ ಗಂಟಿಗೆ ಅಂಟಿಕೊಂಡಿತ್ತು. ಮೈ ಬೆಳೆದ ಹಾಗೆಲ್ಲ ಅದು ಕೆಳಗೆ ಸಿಕ್ಕಿಬಿದ್ದು ಜಗ್ಗಿಸಿಕೊಳ್ಳುತ್ತಾ ಬಂತು. ಪಾದಕ್ಕೂ ಉಚ್ಚೆಗೂ ಹೋಗುವ ನರಗಳು ಅಲ್ಲಿಂದಲೇ ಹೊರಡುವುದು.

ನನಗೆ ಥಟ್ಟನೆ ಅರ್ಥವಾಯಿತು. ಬ್ಲೌಸು ಹೊಲಿಯುವಾಗ ಒಳಗಿನ ಲೈನಿಂಗು ಗೊತ್ತಾಗದೆ ಪಕ್ಕದ ಹೊಲಿಗೆಗೆ ಸಿಕ್ಕಿಕೊಂಡುಬಿಡುತ್ತದೆ. ಮಡಿಸಿಟ್ಟಾಗ ಏನೂ ಕಾಣುವುದಿಲ್ಲ. ಹಾಕಿಕೊಂಡು ಕೈ ಎತ್ತಿದರೆ ಎಲ್ಲೋ ಹಿಡಿದು ಎಳೆಯುತ್ತದೆ. ಗಿರಾಕಿ ತೋಳು ಬಿಗಿ, ಕತ್ತು ಬಿಗಿ ಎನ್ನುತ್ತಾಳೆ. ತೋಳು ಬಿಚ್ಚಿ ನೋಡಿದರೆ ತಪ್ಪು ಸಿಗುವುದಿಲ್ಲ. ನನ್ನ ಕಾಲು ಬಿಚ್ಚಿ ನೋಡಿದ್ದೂ ಹಾಗೇ. ಡಾಕ್ಟರಿಗೆ ಇದನ್ನು ಹೇಳಿದಾಗ ನಕ್ಕು, "ಸರಿಯಾಗೇ ಹೇಳಿದ್ರಿ" ಅಂದರು. ಆಪರೇಷನ್ ಎಂದರೆ ಆ ಸಿಕ್ಕಿದ್ದನ್ನು ಬಿಡಿಸುವುದು. ಹೋದದ್ದು ತಿರುಗಿ ಬರುವುದು ಕಷ್ಟ, ಇರುವುದು ಉಳಿಯಬಹುದು. ಬಲಗಾಲು ಇನ್ನೂ ಚೆನ್ನಾಗಿದೆ, ಅದು ಹೋಗುವ ಮೊದಲು ಮಾಡಿಸಿಕೊಳ್ಳಿ ಎಂದು ಬೆಂಗಳೂರಿಗೆ ಬರೆದುಕೊಟ್ಟರು.

ಅವ್ವ ಒಪ್ಪಲಿಲ್ಲ. "ಬೆನ್ನು ಕುಯ್ಸಕಂಡು ಎದ್ದೋರು ಯಾರವ್ರೆ? ಹಿಂಗೇ ಕುಂಟ್ಕಂಡಾದ್ರೂ ಇರು" ಎಂದಳು. ಅಣ್ಣ ಬಂದ, ನನ್ನ ಕಡೆ ಒಂದು ಮಾತು, ಅವ್ವನ ಕಡೆ ಒಂದು ಮಾತು ಆಡಿ, ಊಟ ಮಾಡಿ ಹೊಸದುರ್ಗದ ಬಸ್ಸು ಹತ್ತಿದ. ನನಗೆ ಅವ್ವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ದೇವರಿಗೆ ಕೊಟ್ಟ ಮಾತು ಮಗಳ ಕಾಲಿಗಿಂತ ದೊಡ್ಡದಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. "ನಿನ್ ಮೀಸಲು ನನ್ ಕಾಲು ತಿಂತು ಕಣವ್ವ" ಎಂದು ಅಂದೇ ಬಿಟ್ಟೆ. ಅವಳು ಮುದ್ದೆ ತಿರುವುತ್ತಿದ್ದಳು, ತಿರುವುತ್ತಲೇ ಇದ್ದಳು. ಆಮೇಲೆ ಒಂದೇ ಕೋಣೆಯಲ್ಲಿ ಮಲಗಿಕೊಂಡು ನಾವು ಬೇಕಾದಷ್ಟು ಮಾತ್ರ ಮಾತಾಡಿದೆವು.

ಅವಳನ್ನು ಬಿಟ್ಟು ಒಬ್ಬಳೇ ಹೋಗಬಹುದಿತ್ತಲ್ಲ ಎಂದು ಕೇಳುವವರಿಗೆ ನನ್ನಲ್ಲಿ ಚೆಂದದ ಉತ್ತರವಿಲ್ಲ. ನನಗೂ ಹೆದರಿಕೆಯಿತ್ತು. ಸ್ಕ್ಯಾನಿಂಗಿನ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ಸಿಕ್ಕಿಬಿದ್ದ ಹುರಿಯನ್ನು ನೋಡುತ್ತಿದ್ದೆ, ಮತ್ತೆ ಮಡಿಸಿ ಇಡುತ್ತಿದ್ದೆ. ಬೇಸಗೆ ಕಳೆಯಿತು, ಮಳೆ ಬಂದು ಹೋಯಿತು, ಮದುವೆ ಸೀಸನ್ನಿನ ಬಟ್ಟೆ ರಾಶಿ ಬಿತ್ತು.

ಒಂದು ದಿನ ನೂಲು, ಹುಕ್ಕು ತರಲು ಪೇಟೆಗೆ ಹೋಗಿದ್ದೆ. ಹಿಂದಿನಿಂದ ಹೂವಿನವಳು ಕೂಗಿದಳು. "ಟೈಲರಕ್ಕ, ಚಪ್ಲಿ ಬಿಟ್ಟೋಗ್ತಿದೀಯಲ್ಲಕ್ಕ!"

ಅಭ್ಯಾಸಬಲದಿಂದ ನಗುತ್ತಾ ತಿರುಗಿದೆ. ನಗು ಅಲ್ಲೇ ನಿಂತಿತು. ಎಡಗಾಲಿನ ಚಪ್ಪಲಿಗೆ ಪಟ್ಟಿ ಹೊಲಿದಿದ್ದೆ, ಅದು ಬೀಳುವ ಮಾತೇ ಇರಲಿಲ್ಲ. ರಸ್ತೆಯ ನಡುವೆ ಬಿದ್ದಿದ್ದದ್ದು ಬಲಗಾಲಿನದು.

ಮನೆಗೆ ಬಂದು ಚಪ್ಪಲಿಯನ್ನು ಅವ್ವನ ಮುಂದೆ ಇಟ್ಟು ಆದದ್ದನ್ನು ಹೇಳಿದೆ. ಅವಳು ಅದನ್ನು ಎತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದಳು. "ನಡಿ, ಹೋಗಾಣ" ಅಂದಳು.

ಚಿತ್ರದುರ್ಗದಿಂದ ಹೈವೇ ಬಸ್ಸು. ಅವ್ವ ದಾರಿಯುದ್ದಕ್ಕೂ ಮಡಿಲಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಕೂತಿದ್ದಳು. ಕುಡಿಯಲಿಲ್ಲ, ನನಗೂ ಕೊಡಲಿಲ್ಲ. ಹಿರಿಯೂರಿನಲ್ಲಿ ಬಸ್ಸು ನಿಂತಾಗ ಮುಚ್ಚಳದ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು. ಬೇಡ ಎಂದು ತಲೆಯಾಡಿಸಿದೆ. ಅವಳ ಮೇಲಿನ ನನ್ನ ಸಿಟ್ಟು ಆಗ ಸ್ವಲ್ಪ ಸಡಿಲವಾಯಿತು.

ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸೊಬ್ಬಳು ಪರದೆ ಎಳೆದು, ಬೆನ್ನಿನ ಕೂದಲು ತೆಗೆಯಬೇಕು ಎಂದಳು. ನಾನು ಬೋರಲು ಮಲಗಿದೆ. ಅವ್ವ ಮಂಚದ ಕಾಲ ಬಳಿ ನಿಂತಿದ್ದಳು. ಕತ್ತರಿ ಕಿರ್ ಕಿರ್ ಅಂದಿತು, ಆಮೇಲೆ ರೇಜರು. ಇನ್ನೇನು ಎಲ್ಲ ಮುಗಿಯಿತು ಅನ್ನುವಾಗ ನರ್ಸು ಬೋಳಾದ ಜಾಗವನ್ನು ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದಳು. ಮಂಜುಗಡ್ಡೆಯಷ್ಟು ತಣ್ಣಗಿತ್ತು. ಮೈ ಜುಮ್ಮೆಂದು ನಾನು ಕೊಡವಿಕೊಂಡೆ.

ಅವ್ವ ಕೂಗಿದ ಕೂಗು ಆ ವಾರ್ಡಿನವರಿಗೆ ಇವತ್ತಿಗೂ ನೆನಪಿರಬೇಕು. ಓಡಿ ಬಂದು ನನ್ನ ಬೆನ್ನಿನ ಮೇಲೆ ಕವುಚಿ ಬಿದ್ದಳು. "ಮೈ ಕೊಡವಿಬಿಟ್ಲು! ಬ್ಯಾಡ ಕಣ್ರವ್ವ, ಬಿಟ್ಬಿಡ್ರಿ ನನ್ ಮಗಳ್ನ. ಒಯ್ಬ್ಯಾಡ್ರಿ ಇವಳ್ನ. ಮೀಸಲು ತೆಗದ್ಮ್ಯಾಲೆ ಯಾವ್ ಮರಿ ತಿರುಗಿ ಬಂದೈತೆ? ಕುಂಟಿನೇ ಇರ್ಲಿ, ಉಚ್ಚೆನೇ ಹೊಯ್ಕಂಡಿರ್ಲಿ, ನಾನು ಒಗೀತೀನಿ. ಬಿಟ್ಬಿಡ್ರಿ."

ನರ್ಸಿಗೆ ಒಂದೂ ಅರ್ಥವಾಗಲಿಲ್ಲ. ನನಗೆ ಎಲ್ಲ ಅರ್ಥವಾಯಿತು. ಇಷ್ಟು ವರ್ಷ ನಾನು ಅವಳು ದೇವರ ಸೊತ್ತನ್ನು ಕಾಯುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ದೇವರಿಂದ ನನ್ನನ್ನು ಕಾಯುತ್ತಿದ್ದಳು. ಕತ್ತರಿ ಸೋಕದಿದ್ದರೆ ಆ ದಿನ ಬರುವುದಿಲ್ಲ, ಯಾರೂ ನೋಡದಿದ್ದರೆ ಯಾರೂ ಕೇಳುವುದಿಲ್ಲ. ಅಷ್ಟೇ ಅವಳ ಲೆಕ್ಕ. ನಾನು ಹುಟ್ಟಿದ ದಿನದಿಂದ ಆ ಒಂದು ಹಿಡಿ ಕೂದಲಿನ ಹಿಂದೆ ಅವಳು ನನ್ನನ್ನು ಬಚ್ಚಿಟ್ಟುಕೊಂಡಿದ್ದಳು. ಅದೇ ಕೂದಲಿನ ಕೆಳಗೆ ನನ್ನ ಕಾಲುಗಳ ಸ್ವಾಧೀನ ಹೋಗುತ್ತಿತ್ತು. ನನಗೆ ಅಳು ಬಂತು. ಬೋರಲು ಮಲಗಿದ್ದರಿಂದ ಯಾರಿಗೂ ಕಾಣಲಿಲ್ಲ.

"ಅವ್ವ, ಅದು ತಣ್ಣಗಿತ್ತು ಕಣೇ, ಅದ್ಕೆ ಕೊಡವಿದೆ" ಅಂದೆ.

"ಎಲ್ಲಾ ಮರಿನೂ ಅದ್ಕೇ ಕಣವ್ವ ಕೊಡವಾದು" ಅಂದಳು.

ಅವಳ ಕೈ ಹಿಡಿದು, ಬಲಗಾಲಿನ ಚಪ್ಪಲಿ ಬಿದ್ದದ್ದು ನಿನಗೆ ನೆನಪಿಲ್ಲವಾ ಎಂದೆ. ಬಹಳ ಹೊತ್ತಾದ ಮೇಲೆ ಅವಳು ಎದ್ದು ಪಕ್ಕಕ್ಕೆ ಸರಿದಳು. ನನ್ನನ್ನು ತಳ್ಳಿಕೊಂಡು ಹೋಗುವಾಗ ಹಿಂದೆ ಬರಲಿಲ್ಲ. ಆಪರೇಷನ್ನಿನ ಹೊತ್ತಿಗೆ ಬಂದು ಸೇರಿದ್ದ ಅಣ್ಣ ಆಮೇಲೆ ಹೇಳಿದ, ನಾನು ಹೊರಗೆ ಬರುವವರೆಗೂ ಅವಳು ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳಂತೆ.

ಸಿಕ್ಕಿದ್ದನ್ನು ಬಹುಪಾಲು ಬಿಡಿಸಿದರು. ಕರೆಂಟು ಹೊಡೆಯುವ ನೋವು ಹೋಯಿತು. ಎಡಪಾದ ಹಾಗೇ ಇದೆ. ಉಚ್ಚೆ ತಾನಾಗಿ ಹಿಡಿತಕ್ಕೆ ಬರಲಿಲ್ಲ, ಹೊತ್ತುಹೊತ್ತಿಗೆ ಸಣ್ಣ ಕೊಳವೆ ಹಾಕಿ ನಾನೇ ಖಾಲಿ ಮಾಡಿಕೊಳ್ಳುವುದನ್ನು ಕಲಿಸಿದ್ದಾರೆ. ನಕಾಶೆ ಇನ್ನೂ ತಲೆಯಲ್ಲಿದೆ. ಬಿಡಿಸಿದ್ದು ಮತ್ತೆ ಅಂಟಿಕೊಳ್ಳಲೂಬಹುದು, ಆಗಾಗ ಬಂದು ತೋರಿಸುತ್ತಿರಿ ಎಂದಿದ್ದಾರೆ. ಬಲಗಾಲಿನ ಚಪ್ಪಲಿ ಈವರೆಗೆ ಬಿದ್ದಿಲ್ಲ. ಬೀದಿಯಲ್ಲಿ ಹಿಂದಿನಿಂದ ಯಾರಾದರೂ ಅಕ್ಕ ಎಂದು ಕೂಗಿದರೆ ಮಾತ್ರ ಮೊದಲು ಕಾಲು ನೋಡಿಕೊಳ್ಳುತ್ತೇನೆ.

ಹೊಲಿಗೆ ಮಾಯ್ದ ಮೇಲೆ ಗಾಯದ ಅಕ್ಕಪಕ್ಕ ಮತ್ತೆ ಕೂದಲು ಬಂತು. ನನಗೆ ಬಗ್ಗಲು ಆಗದ್ದರಿಂದ ಅವ್ವನೇ ತಲೆಗೆ, ಬೆನ್ನಿಗೆ ನೀರು ಹಾಕುತ್ತಿದ್ದಳು. ಮೊನ್ನೆ ಭಾನುವಾರ ಬಚ್ಚಲಲ್ಲಿ, ನಾನು ಗೋಡೆ ಹಿಡಿದು ನಿಂತಿದ್ದಾಗ, "ನಿನ್ ಕತ್ರಿ ಎಲ್ಲೈತೆ?" ಅಂದಳು.

ಬಟ್ಟೆ ಕತ್ತರಿಸುವ ಆ ಕತ್ತರಿಯನ್ನು ನಾನು ಯಾರಿಗೂ ಮುಟ್ಟಗೊಡುವವಳಲ್ಲ. ಅದರಲ್ಲಿ ಕಾಗದ ಕತ್ತರಿಸಿದರೆ, ಕೂದಲು ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ ಎಂದು ರೇಗುವವಳು. ಮೇಜಿನ ಮೇಲಿದೆ ಎಂದೆ. ತಂದಳು. ಒಂದು ಕೈಯಲ್ಲಿ ಕೂದಲು ಹಿಡಿದು, ಗಾಯಕ್ಕೆ ತಾಗದಂತೆ, ಉಸಿರು ಬಿಗಿಹಿಡಿದು ಕತ್ತರಿಸಿದಳು. ಆಮೇಲೆ ಹಂಡೆಯಿಂದ ಬಿಸಿನೀರು ತೋಡಿ, ತನ್ನ ಮೊಣಕೈಗೆ ಹಾಕಿಕೊಂಡು ನೋಡಿ, ಇನ್ನಷ್ಟು ಬಿಸಿ ಬೆರೆಸಿ, ಮತ್ತೆ ನೋಡಿದಳು.

"ಮೈ ಕೊಡವಬ್ಯಾಡ" ಅಂದಳು.

ನೀರು ಬೆನ್ನಿನ ಮೇಲೆ ಬಿತ್ತು. ಬೆಚ್ಚಗಿತ್ತು. ನಾನು ಹಲ್ಲು ಕಚ್ಚಿಕೊಂಡು ನೆಟ್ಟಗೆ ನಿಂತಿದ್ದೆ. ಅವಳ ಕೈ ಬೋಳು ಜಾಗದ ಮೇಲೆ ಬಹಳ ಹೊತ್ತು ಇತ್ತು.

"ನಡಿ ನೋಡಾಣ."

ಟವೆಲು ಸುತ್ತಿಕೊಂಡು, ಗೋಡೆ ಬಿಟ್ಟು, ಕುಂಟುತ್ತಾ ನಡುಕೋಣೆ ದಾಟಿ ಅಂಗಡಿಯ ಬಾಗಿಲವರೆಗೆ ಹೋದೆ. ಬಾಗಿಲು ಮುಟ್ಟಿ ತಿರುಗಿ ಬಂದೆ. ಅವ್ವ ಕತ್ತರಿ ಹಿಡಿದುಕೊಂಡು ಬಚ್ಚಲಿನ ಹೊಸ್ತಿಲಲ್ಲೇ ನಿಂತಿದ್ದಳು.

"ಇನ್ನೊಂದ್ಸಲ ಹೋಗಿ ಬಾ" ಅಂದಳು.

ಇನ್ನೊಂದು ಸಲ ಹೋಗಿ ಬಂದೆ.